ಅರಿವೆ ಒಗೆಯುವ ವಿಚಾರ

ಊಟದ ಮೇಲೆ, ನಿದ್ರೆಯ ಮೇಲೆ, ಮಳೆಯ ಮೇಲೆ, ಮರೆವಿನ ಮೇಲೆ ಪ್ರಬಂಧ ಬರೆದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಅರಿವೆ ಒಗೆಯುವುದರ ಮೇಲೆ ಬರೆದವರು ಕಡಿಮೆ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಪ್ರಬಂಧ ಬರೆಯುವವರು ಬಹುಮಟ್ಟಿಗೆ ಗಂಡಸರು. ಅವರ ಅರಿವೆ ಒಗೆಯುವವರು ಬಹುಮಟ್ಟಿಗೆ ಹೆಂಗಸರು. ನಮ್ಮ ಬೆಳಗಾವಿ ಸೀಮೆಯ ಮಾತಿನಲ್ಲಿ 'ಒಗೆ' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ: ತೊಳೆ ಎಂಬುದೊಂದು, ಎಸೆ ಎಂಬುದಿನ್ನೊಂದು. ಗಂಡಸರು ಅಂಗಿಯನ್ನು ಬಚ್ಚಲ ಮೂಲೆಗೆ ಎರಡನೆಯ ಅರ್ಥದಲ್ಲಿ ಒಗೆಯುತ್ತಾರೆ, ಹೆಂಗಸರು ಅದನ್ನೆತ್ತಿಕೊಂಡು ಮೊದಲನೆಯ ಅರ್ಥದಲ್ಲಿ ಒಗೆಯುತ್ತಾರೆ. ಹೀಗೆ ಒಂದೇ ಧಾತುವಿನ ಮೇಲೆ ಎಷ್ಟೋ ಸಂಸಾರಗಳು ಸುಸೂತ್ರವಾಗಿ ನಡೆದುಕೊಂಡು ಬಂದಿವೆ.

ನನ್ನ ನೌಕರಿಯ ಮೂವತ್ತನಾಲ್ಕು ವರ್ಷಗಳು ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲ ಈ ನಾಲ್ಕು ಊರುಗಳ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸುವುದರಲ್ಲಿ ಕಳೆದವು. ನಿವೃತ್ತಿಯ ಮೇಲೆ ಬೈಲಹೊಂಗಲದಲ್ಲಿಯೇ ಮನೆ ಮಾಡಿಕೊಂಡು ಕುಳಿತೆ. ಮೂರು ವರ್ಷಗಳ ಹಿಂದೆ ನನ್ನ ಹೆಂಡತಿ ಅಂಗಳದಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಎಲುಬು ಕೂಡಿತು; ಆದರೆ ಹಿಂಡುವ, ಜಾಲಿಸುವ ಕೆಲಸ ಆ ಕೈಗೆ ಮತ್ತೆ ಒಗ್ಗಲಿಲ್ಲ. ಮಂತ್ರಿಮಂಡಲದಲ್ಲಿ ಯಾರಿಗೂ ಬೇಡವಾದ ಖಾತೆಯನ್ನು ಮುದುಕನೊಬ್ಬನ ತಲೆಗೆ ಕಟ್ಟುವಂತೆ, ಅರಿವೆಯ ಖಾತೆ ಅಂದಿನಿಂದ ನನ್ನ ಪಾಲಿಗೆ ಬಂದಿದೆ. ಮೊದಲ ದಿನ ಹಿತ್ತಲಲ್ಲಿ ಹಗ್ಗದ ಮೇಲೆ ಸೀರೆ ಹರವುತ್ತಿದ್ದಾಗ ನೆರೆಮನೆಯವರು ಗೋಡೆಯ ಮೇಲಿಂದ ಇಣುಕಿ, "ಯಾಕ್ರೀ ಮಾಸ್ತರ, ಅಕ್ಕಾರ ಮುನಿಸಿಕೊಂಡಾರೇನ್ರಿ?" ಎಂದು ಕೇಳಿದರು. ಈಗ ಯಾರೂ ಕೇಳುವುದಿಲ್ಲ. ಸಾಬೂನಿನ ದರದ ವಿಷಯದಲ್ಲಿ ಓಣಿಯ ಹೆಂಗಸರು ನನ್ನ ಅಭಿಪ್ರಾಯ ಕೇಳುವಷ್ಟರ ಮಟ್ಟಿಗೆ ನನ್ನ ಪ್ರತಿಷ್ಠೆ ಬೆಳೆದಿದೆ.

ಕೆಲಸ ಕೈಗೆ ಬಂದ ಮೇಲೆ ಅದರ ವಿಚಾರ ತಲೆಗೆ ಬರುವುದು ಸಹಜ. ನನಗೆ ಮೊದಲು ನೆನಪಾದುದು ನನ್ನ ಅವ್ವ ಅರಿವೆ ಒಗೆಯುತ್ತಿದ್ದ ರೀತಿ. ನಮ್ಮ ಹಳ್ಳಿ ಕಿತ್ತೂರಿನ ಕಡೆಗೆ, ಮಲಪ್ರಭೆಯ ದಂಡೆಗೆ ಇದೆ. ಮಹಾನವಮಿಗೆ ಎಂಟು ದಿನ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಹೋಗಬೇಕು. ಹೋಗುವುದು ಚಕ್ಕಡಿಯಲ್ಲಿ. ಬುತ್ತಿ ಕಟ್ಟಿಕೊಂಡು ಓಣಿಯ ಹೆಂಗಸರೆಲ್ಲ ಕೂಡಿ ಹೋಗುವುದರಿಂದ ಅದು ಅರ್ಧ ದುಡಿತ, ಅರ್ಧ ಜಾತ್ರೆ. ಸವಳುಮಣ್ಣಿನಲ್ಲಿ ನೆನೆಹಾಕಿದ ದಪ್ಪ ಕೌದಿಗಳನ್ನು ಇಬ್ಬಿಬ್ಬರು ಹಿಡಿದು ಹಿಂಡಬೇಕು. ಒದ್ದೆ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ರೇಶಿಮೆಗೆ ಅಂಟವಾಳಕಾಯಿ, ಬಿಳಿಯ ಧೋತರಕ್ಕೆ ನೀಲಿ, ಹೆಚ್ಚು ಮಾಸಿದ್ದು ಅಗಸರ ಮನೆಯ ಉಬ್ಬೆಗೆ. ಹಂಡೆಯ ಮೇಲೆ ಅರಿವೆ ಒಟ್ಟಿ ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸಿ, ಬೆಳಗಾದ ಮೇಲೆ ಕಲ್ಲಿಗೆ ಬಡಿದರೆ ಹೊಲಸು ತಾನಾಗಿ ಬಿಡುತ್ತಿತ್ತು. ಬಡಿದಂತೆ ಎಳೆಯೂ ಸವೆಯುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೊಳೆಗೆ ಹೋದ ಆ ನವಿರು ಹತ್ತಿಯದು. ಮೀನಿಗೋ ಮಣ್ಣಿಗೋ ಸೇರಿ ಕೊಳೆತು ಹೋಗುವಂಥದು. ನೆಲದಿಂದ ಬಂದ ಗಿಡದ ನಾರು ನೆಲಕ್ಕೆ ಹಿಂದಿರುಗುವುದರಲ್ಲಿ ಹೊಳೆಗೆ ತಂಟೆಯೇನೂ ಇರಲಿಲ್ಲ.

ಅರಿವೆ ಒಗೆಯುವುದು ಕೀಳು ಕೆಲಸವೆಂದು ನಮ್ಮ ಕಡೆಯವರು ಬಾಯಿಬಿಟ್ಟು ಹೇಳುವಂತಿಲ್ಲ. ದೇವರ ಹಿಪ್ಪರಗಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಶರಣರ ಮಡಿ ಮಾಡಿದ ಮಡಿವಾಳ ಮಾಚಿದೇವರು, ಕಲ್ಯಾಣ ಕೆಟ್ಟ ಮೇಲೆ ಶರಣರನ್ನು ಕಾಯುತ್ತ ನಮ್ಮ ಸೀಮೆಗೇ ಬಂದರೆಂದೂ, ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಬಿಜ್ಜಳನ ದಂಡಿನೊಡನೆ ಕಾದಿದರೆಂದೂ ಇಲ್ಲಿಯ ಜನ ಹೇಳುತ್ತಾರೆ. ಕಾದರವಳ್ಳಿಯಲ್ಲಿ ಹೊಳೆಯ ನಟ್ಟನಡುವೆ ಶಂಕರಲಿಂಗನ ಗುಡಿಯಿದೆ. ಮಳೆಗಾಲದಲ್ಲಿ ನೀರು ಬಂದು ಸುತ್ತಿಕೊಳ್ಳುತ್ತದೆ. ಆ ಗುಡಿಯ ಕಲ್ಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟರೆ ನೀರು ಹೋಗುವ ದಿಕ್ಕು ಕಾಣುತ್ತದೆ. ಅದು ಹೋಗುವುದು ಸವದತ್ತಿಯ ಕಡೆಗೆ. ಈ ದಿಕ್ಕನ್ನು ವಾಚಕರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಮುಂದೆ ಅದರ ಕೆಲಸವಿದೆ.

ಇನ್ನು ಅರಿವೆಯ ಜಾತಿ ಬದಲಾದ ಕತೆ. ೧೯೪೧ರಲ್ಲಿ ವಿನ್‌ಫೀಲ್ಡ್, ಡಿಕ್ಸನ್ ಎಂಬ ಇಬ್ಬರು ಬ್ರಿಟಿಷ್ ರಸಾಯನಶಾಸ್ತ್ರಜ್ಞರು ಹೊಸದೊಂದು ಎಳೆಯನ್ನು ತೆಗೆದರು. ಅದಕ್ಕೆ ಟೆರಿಲಿನ್ ಎಂದು ಹೆಸರಾಯಿತು. ಇಂದು ಪಾಲಿಸ್ಟರ್ ಎನ್ನುವುದು ಅದನ್ನೇ. ಮೂಲ ವಸ್ತು ಕಲ್ಲೆಣ್ಣೆಯದು. ಅಂದರೆ ನೀರಿನ ಬಾಟಲಿಯೂ ಈ ಅಂಗಿಯೂ ಒಂದೇ ಕುಲದವು. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಯಲ್ಲಿ ಟೆರಿಲಿನ್ ಅಂಗಿ ತೊಟ್ಟವರು ಇಬ್ಬರೇ: ಒಬ್ಬರು ತಲಾಟಿಯವರು, ಇನ್ನೊಬ್ಬ ಆಗ ತಾನೆ ಲಗ್ನವಾದ ಅಳಿಯ. ಒಗೆದು ಹಾಕಿದರೆ ಒಂದು ತಾಸಿಗೆ ಒಣಗುವ, ಇಸ್ತ್ರಿ ಬೇಡದ, ಎಳೆದರೂ ಹರಿಯದ ಆ ಬಟ್ಟೆಯನ್ನು ಕಂಡು ಊರೇ ಬೆರಗಾಯಿತು. ಅದನ್ನು ಇಂದು ಹೀಗಳೆಯುವುದು ಸುಲಭ. ಆದರೆ ಮನೆಗೆ ಮೊದಲ ನೈಲಾನ್ ಸೀರೆ ಬಂದಾಗ ಅದನ್ನು ಒಂದೇ ಕೈಯಿಂದ ಹಿಂಡಿ ನೋಡಿದ ನನ್ನ ಅವ್ವ, "ನಮ್ಮ ಸೊಸ್ತೇರ ರಟ್ಟಿ ಉಳದೂವು ಬಿಡಪಾ" ಎಂದಳು. ಆ ಮಾತಿನ ಹಿಂದೆ ನಲವತ್ತು ವರ್ಷಗಳ ಒದ್ದೆ ಕೌದಿಗಳಿದ್ದವು. ಹಳೆಯದೆಲ್ಲ ಹೊನ್ನೆಂದು ಹಾಡುವವರು ಒಮ್ಮೆ ಒಂದು ಕೌದಿ ಹಿಂಡಿ ಬಂದು ಆಮೇಲೆ ಹಾಡಬೇಕೆಂದು ನನ್ನ ಸೂಚನೆ.

ಈಗ ನಮ್ಮ ಮನೆಯ ಅರಿವೆಯ ಬುಟ್ಟಿಯನ್ನು ಬುಡಮೇಲು ಮಾಡಿದರೆ ಬೀಳುವುದೇನು? ನನ್ನ ಎರಡು ಧೋತರ, ಹೆಂಡತಿಯ ಒಂದೆರಡು ಇಳಕಲ್ ಸೀರೆ ಬಿಟ್ಟರೆ ಉಳಿದದ್ದೆಲ್ಲ ಬಾಟಲಿಯ ಬಳಗ. ಅಕ್ರಿಲಿಕ್ಕಿನ ಸ್ವೆಟರು, ಮೊಮ್ಮಗನ ಆಟದ ಬನಿಯನ್ನು, ಶಾಲೆಯ ಟೆರಿಕಾಟ್ ಚಡ್ಡಿ, ಮಿರಮಿರ ಮಿಂಚುವ ನೈಟಿ, ಬೆಕ್ಕಿನ ಮರಿಯಂತೆ ಮೆತ್ತಗಿರುವ ಫ್ಲೀಸಿನ ಹೊದಿಕೆ. ಇವೆಲ್ಲ ಮಗ ಕೊಡಿಸಿದ ವಾಷಿಂಗ್ ಮೆಷಿನ್ನಿಗೆ ಹೋಗುತ್ತವೆ. ನನ್ನ ಧೋತರ ಹಿತ್ತಲ ಕಲ್ಲಿಗೆ.

ಹೋದ ಚಳಿಗಾಲದಲ್ಲಿ ಧಾರವಾಡದಿಂದ ಮೊಮ್ಮಗಳು ಬಂದಿದ್ದಳು. ಅಲ್ಲಿ ಎಂ.ಎಸ್‌ಸಿ. ಓದುತ್ತಾಳೆ. ನಮ್ಮದು ಹಳೆಯ ಮಾಳಿಗೆಯ ಮನೆ. ಪಡಸಾಲೆಗೆ ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿಯುತ್ತದೆ. ಅವಳು ಆ ಬಿಸಿಲಿನಲ್ಲಿ ನಿಂತು ಫ್ಲೀಸಿನ ಹೊದಿಕೆಯನ್ನು ಒಮ್ಮೆ ಝಾಡಿಸಿದಳು. ಬಿಸಿಲಿನ ಕೋಲಿನ ತುಂಬ ಬೆಳ್ಳನ್ನ ಎಳೆಗಳು ಕುಣಿಯತೊಡಗಿದವು.

"ಇದು ಧೂಳಲ್ಲ ಅಜ್ಜಾ, ಪ್ಲಾಸ್ಟಿಕ್," ಎಂದಳು. "ಝಾಡಿಸಿದರ ಇಷ್ಟು. ನೀರಾಗ ಹಾಕಿ ತಿರುವಿದರ ಎಷ್ಟು ಉದುರತಾವು ಅಂತಿ?"

ನಾನು ಹೇಳದೆ ಇದ್ದುದರಿಂದ ಅವಳೇ ಹೇಳಿದಳು. ಇಂಗ್ಲಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಮ್ಸನ್ ಎಂಬವರು ೨೦೦೪ರಲ್ಲಿ ಸಮುದ್ರದ ಉಸುಕಿನಲ್ಲಿ ಇಂಥ ಕಣಗಳನ್ನು ಕಂಡು ಅವಕ್ಕೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರಿಟ್ಟರಂತೆ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರಿಗೆಲ್ಲ ಈಗ ಅದೇ ಹೆಸರು. ಅದೇ ವಿಶ್ವವಿದ್ಯಾಲಯದಲ್ಲಿ ೨೦೧೬ರಲ್ಲಿ ಲೆಕ್ಕ ಹಾಕಿದಾಗ, ಆರು ಕಿಲೋ ಅಕ್ರಿಲಿಕ್ ಬಟ್ಟೆಯ ಒಂದು ಒಗೆತದಿಂದ ಏಳು ಲಕ್ಷಕ್ಕೂ ಹೆಚ್ಚು ಎಳೆಗಳು ಉದುರಬಹುದೆಂದೂ, ಪಾಲಿಸ್ಟರಿನಿಂದ ಐದು ಲಕ್ಷದ ಸಮೀಪವೆಂದೂ, ಹತ್ತಿ ಬೆರೆಸಿದ ಪಾಲಿಸ್ಟರಿನಿಂದ ಒಂದು ಲಕ್ಷ ಮೂವತ್ತೆಂಟು ಸಾವಿರದಷ್ಟೆಂದೂ ತಿಳಿದುಬಂದಿತು. ಇವು ತೂಕಕ್ಕೆ ಏನೂ ಅಲ್ಲ. ಒಂದು ಕಿಲೋ ಬಟ್ಟೆಗೆ ಒಂದು ಗ್ರಾಮಿನ ಮೂರನೆಯ ಒಂದು ಪಾಲೂ ಆಗಲಿಕ್ಕಿಲ್ಲ. ಆದರೆ ಹತ್ತಿಯ ಹಾಗೆ ಕೊಳೆಯುವುದಿಲ್ಲ. ಹತ್ತಿಯ ಬಟ್ಟೆಯಿಂದ ಎಳೆ ಉದುರುವುದು ಇನ್ನೂ ಜಾಸ್ತಿಯೇ. ಉದುರಿದ್ದು ಉಳಿಯುವುದಿಲ್ಲ, ಅಷ್ಟೆ ವ್ಯತ್ಯಾಸ.

"ಇರಲಿ ತಗೋ," ಎಂದೆ. "ಸಮುದ್ರ ಇಲ್ಲಿಂದ ಎಲ್ಲಿ, ನಾವೆಲ್ಲಿ?"

"ಸಮುದ್ರ ಯಾಕ ಬೇಕು ಅಜ್ಜಾ? ನಿಮ್ಮ ಗಟಾರದ ನೀರು ಎಲ್ಲಿಗೆ ಹೋಗತೈತಿ?"

ನಮ್ಮ ಓಣಿಯ ಗಟಾರು ಹಳ್ಳಕ್ಕೆ. ಈ ಸೀಮೆಯ ಹಳ್ಳಗಳು ಬಹುಪಾಲು ಮಲಪ್ರಭೆಗೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಎಂ.ಕೆ. ಹುಬ್ಬಳ್ಳಿಯ ಹಾದಿಯಲ್ಲಿ ಬರುವ ಹೊಳೆ, ಕಿತ್ತೂರು ಬೈಲಹೊಂಗಲಗಳ ಹಳ್ಳಗಳನ್ನು ಕೂಡಿಸಿಕೊಂಡು ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿಗೆ ಹೋಗಿ ನಿಲ್ಲುತ್ತದೆ. ೧೯೭೦ರ ದಶಕದ ಆರಂಭದಲ್ಲಿ ಕಟ್ಟಿದ ಆ ಅಣೆಕಟ್ಟಿನ ಹಿಂದಿನ ನೀರಿಗೆ ರೇಣುಕಾಸಾಗರವೆಂದು ಹೆಸರು. ಅಲ್ಲಿಂದ ನೀರನ್ನೆತ್ತಿ, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ, ಧಾರವಾಡ ಹುಬ್ಬಳ್ಳಿಗಳ ನಳಕ್ಕೆ ಬಿಡುತ್ತಾರೆ. ಭೂಗೋಲದ ಈ ಪಾಠ ನನಗೆ ಗೊತ್ತಿದ್ದದ್ದೇ. ಅವಳ ಬಾಯಿಂದ ಅದು ಬೇರೆ ರೀತಿಯಲ್ಲಿ ಬಂದಿತು.

"ನೀ ಒಗದ ನೀರು ನಾ ಕುಡೀತೀನಿ ಅಜ್ಜಾ. ಶೋಧಿಸಿ ಕೊಡತಾರ, ಖರೆ. ಬಹಳಷ್ಟು ಅಲ್ಲೇ ನಿಲ್ಲತಾವು. ಅತೀ ಸಣ್ಣೂ ಅದಾವಲ್ಲ, ಅವನ್ನೆಲ್ಲಾ ಹಿಡಿಯೂದು ಕಷ್ಟ."

ಒಳಗಿನಿಂದ ನನ್ನ ಹೆಂಡತಿ, "ಹುಡುಗಿಗೆ ಕುಡ್ಯಾಕ ಕಾಸಿದ ನೀರು ಕೊಡ್ರಿ" ಎಂದು ಕೂಗಿದಳು. ಕಾಸಿದರೆ ರೋಗಾಣು ಸಾಯುತ್ತದೆ; ಪ್ಲಾಸ್ಟಿಕ್ಕಿಗೆ ಜೀವವಿದ್ದರಲ್ಲವೆ ಸಾಯುವುದು? ೨೦೨೨ರಲ್ಲಿ ಹಾಲಂಡಿನ ವಿಜ್ಞಾನಿಗಳು ಇಪ್ಪತ್ತೆರಡು ಜನರ ರಕ್ತ ತೆಗೆದು ನೋಡಿದಾಗ ಹದಿನೇಳು ಜನರಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕಿದ್ದವು. ಅದರಿಂದ ಆಗುವ ಹಾನಿ ಎಷ್ಟೆಂಬುದನ್ನು ವೈದ್ಯಶಾಸ್ತ್ರ ಇನ್ನೂ ತೂಗುತ್ತಿದೆ. ತೂಗಿ ಮುಗಿಯುವ ವರೆಗೆ ಮೊಮ್ಮಗಳ ಲೋಟದೊಳಗೆ ನನ್ನ ಸ್ವೆಟರಿನ ಎಳೆ ಇರಲಿ ಎನ್ನುವ ಅಜ್ಜ ನಾನಲ್ಲ. 'ಒಗೆ' ಎಂಬ ಶಬ್ದದ ಎರಡು ಅರ್ಥಗಳು ಅಂದು ನನ್ನ ಪಾಲಿಗೆ ಕೂಡಿಕೊಂಡವು. ಒಗೆದದ್ದೆಲ್ಲ ಎಲ್ಲಿಗೋ ಒಗೆದದ್ದೇ ಅಲ್ಲವೆ?

ಅಂದಿನಿಂದ ನಮ್ಮ ಮನೆಯಲ್ಲಿ ಅರಿವೆಯ ಕಾನೂನು ತಿದ್ದುಪಡಿಯಾಗಿದೆ. ಮೊದಲು ಕಲ್ಲಿನ ಮಾತು. ಕಲ್ಲೇ ಲೇಸು, ಯಂತ್ರವೇ ಹೊಲ್ಲ ಎನ್ನುವ ಪಕ್ಷದವರು ನಮ್ಮ ಓಣಿಯಲ್ಲಿ ಬಹಳ. ಅವರ ಪಕ್ಷಕ್ಕೆ ಅರ್ಧ ಗೆಲುವು ಸಿಕ್ಕಿದೆ. ಚೀನದ ಹಾಂಗ್‌ಝೌ ನಗರದ ವಿಜ್ಞಾನಿಗಳು ೨೦೨೩ರಲ್ಲಿ ಒಂದೇ ಪಾಲಿಸ್ಟರ್ ಬಟ್ಟೆಯನ್ನು ಕೈಯಿಂದಲೂ ಯಂತ್ರದಿಂದಲೂ ಒಗೆದು ನೋಡಿದರು. ಕೈಯಿಂದ ಒಗೆದಾಗ ಉದುರಿದ ಎಳೆಗಳು ಸರಾಸರಿ ೧,೮೫೩, ಯಂತ್ರದಲ್ಲಿ ೨೩,೭೨೩. ಆದರೆ ಮುಂಚೆಯೇ ನೆನೆಹಾಕಿದರೆ, ಸಾಬೂನು ಬೆರೆಸಿದರೆ, ಗೀರುಗಳುಳ್ಳ ಹಲಗೆಯ ಮೇಲೆ ತಿಕ್ಕಿದರೆ ಕೈಯ ಲೆಕ್ಕವೂ ಏರುತ್ತದೆ, ಯಂತ್ರದಷ್ಟು ಏರುವುದಿಲ್ಲ. ಹಲಗೆಗೇ ಹೀಗಾದರೆ ನಮ್ಮ ಬಡಿಯುವ ಕಲ್ಲಿನ ಗತಿ ಏನೆಂಬುದನ್ನು ಊಹಿಸಬಹುದು. ಹತ್ತಿಯನ್ನು ಬಡಿಯಬಹುದು; ಪಾಲಿಸ್ಟರನ್ನು ಬಡಿಯಬಾರದು. ಅದಕ್ಕೆ ಬೇಕಾದುದು ಎರಡು ಸಲ ಅದ್ದಿ, ಮೆಲ್ಲಗೆ ಹಿಸುಕಿ ತೆಗೆಯುವುದು. ಬ್ರಶ್ಶನ್ನು ಕಾಲರಿಗೆ ಮಾತ್ರ ಉಳಿಸಿಕೊಂಡಿದ್ದೇವೆ. ನಮ್ಮ ಮನೆಯ ಬಟ್ಟೆ ಅಷ್ಟಕ್ಕೇ ಶುದ್ಧವಾಗುತ್ತದೆ.

ಹಾಗೆಂದು ಎಲ್ಲರೂ ಕೈಯಿಂದಲೇ ಒಗೆಯಿರಿ ಎಂದು ಊರಿಗೆ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಆ ಉಪದೇಶ ಕೇಳಿ ಒಗೆಯುವ ಕೈ ಯಾರದು? ನನ್ನ ಹೆಂಡತಿಯ ಮಣಿಕಟ್ಟಿನಂಥ ಕೈಗಳೇ. ಗಂಡಸರು ಕಚ್ಚೆ ಕಟ್ಟಿ ಬಚ್ಚಲಿಗಿಳಿದರೆ ಮಾತು ಬೇರೆ. ಅಲ್ಲಿಯ ವರೆಗೆ ಯಂತ್ರವಿರಲೇಬೇಕು. ಅದನ್ನು ಬುದ್ಧಿಯಿಂದ ನಡೆಸಬೇಕು.

ಯಂತ್ರದ ಬುದ್ಧಿ ಹೀಗಿದೆ. ಅದರ ಮೇಲೆ ನಾಜೂಕು ಬಟ್ಟೆಗೆಂದು ಒಂದು ಗುಂಡಿ ಇರುತ್ತದೆ. ಹೆಸರು ಕೇಳಿದರೆ ಅದೇ ಲೇಸೆಂದು ತೋರುತ್ತದೆ. ೨೦೧೯ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಕಂಡದ್ದು ತದ್ವಿರುದ್ಧ. ಆ ಗುಂಡಿ ಒತ್ತಿದರೆ ಯಂತ್ರ ಬಹಳ ನೀರು ತೆಗೆದುಕೊಳ್ಳುತ್ತದೆ. ನೀರಿನ ಭರಕ್ಕೆ ಎಳೆ ಇನ್ನೂ ಹೆಚ್ಚಾಗಿ ಕಳಚುತ್ತದೆ. ಆದುದರಿಂದ ಬಟ್ಟೆ ಹೆಚ್ಚು, ನೀರು ಕಡಿಮೆ. ಎರಡು ಅಂಗಿಗಾಗಿ ಯಂತ್ರ ಹೂಡುವುದನ್ನು ನಾವು ಬಿಟ್ಟಿದ್ದೇವೆ. ಅದು ತುಂಬುವ ವರೆಗೆ ಬುಟ್ಟಿ ಕಾಯುತ್ತದೆ. ನೀರು ತಣ್ಣಗಿರಬೇಕು, ಹೊತ್ತು ಕಡಿಮೆಯಾಗಬೇಕು. ೨೦೨೦ರಲ್ಲಿ ಪ್ರಕಟವಾದ ನಾರ್ಥಂಬ್ರಿಯದ ಪ್ರಯೋಗದಲ್ಲಿ ನಲವತ್ತು ಡಿಗ್ರಿ ಬಿಸಿಯಲ್ಲಿ ಎಂಬತ್ತೈದು ನಿಮಿಷ ಒಗೆಯುವ ಬದಲು ಹದಿನೈದು ಡಿಗ್ರಿಯಲ್ಲಿ ಮೂವತ್ತು ನಿಮಿಷ ಒಗೆದಾಗ ಎಳೆಗಳು ಪ್ರತಿಶತ ಮೂವತ್ತರಷ್ಟು ಕಡಿಮೆಯಾಗಿದ್ದವು. ಹೊಸ ಬಟ್ಟೆ ಮೊದಲ ಕೆಲವು ಒಗೆತಗಳಲ್ಲಿಯೇ ಹೆಚ್ಚು ಉದುರುತ್ತದೆ ಎಂಬುದೂ ಅಲ್ಲಿ ಕಂಡುಬಂದಿತು. ಹಬ್ಬಕ್ಕೊಂದು ಹೊಸ ನೈಟಿ ಬೇಡವೆನ್ನಲು ಇದು ಗಂಡಂದಿರಿಗೆ ಒಳ್ಳೆಯ ಶಾಸ್ತ್ರಾಧಾರ. ಪ್ರಯೋಗಿಸಿ ನೋಡುವ ಧೈರ್ಯವಿದ್ದವರು ನೋಡಬಹುದು.

ಎಲ್ಲಕ್ಕಿಂತ ಕಠಿಣವಾದುದು ಒಗೆಯುವುದನ್ನೇ ಕಡಿಮೆ ಮಾಡುವುದು. ಒಮ್ಮೆ ಮೈಮೇಲೆ ಬಂದ ಅರಿವೆ ಮೈಲಿಗೆ ಎನ್ನುವ ಮನೆತನದಿಂದ ಬಂದವಳು ನನ್ನ ಹೆಂಡತಿ. ಸ್ವೆಟರನ್ನು ಹದಿನೈದು ದಿನಕ್ಕೊಮ್ಮೆ ಒಗೆದರೆ ಸಾಕು, ನಡುವೆ ಬಿಸಿಲು ಗಾಳಿಗೆ ಹಾಕೋಣವೆಂದಾಗ ಅವಳು ನನ್ನನ್ನು ನೋಡಿದ ನೋಟವನ್ನು ಬರೆದು ತಿಳಿಸಲಾಗದು.

"ನಾಲ್ಕು ಮಂದ್ಯಾಗ ಕುಂದ್ರೂ ಮನಶಾ ನೀವು. ವಾಸನಿ ಬಡದರ ಮಂದಿ ನನಗ ಅಂತಾರ, ನಿಮಗಲ್ಲ."

ಇದಕ್ಕೆ ಉತ್ತರವಿಲ್ಲ. ಕೊನೆಗೆ ಒಡಂಬಡಿಕೆಯಾಯಿತು: ಬೆವರಿದ್ದು ಅಂದೇ ನೀರಿಗೆ, ಮೇಲೆ ಹೊದ್ದದ್ದು, ಒಂದು ತಾಸು ತೊಟ್ಟು ತೆಗೆದದ್ದು ಗಾಳಿಗೆ. ಯಾವುದು ಯಾವ ವರ್ಗಕ್ಕೆ ಸೇರಿದ್ದೆಂಬ ತಕರಾರು ಬಂದರೆ ಆಕೆಯ ಮೂಗೇ ಸುಪ್ರೀಮ್ ಕೋರ್ಟು.

ಇಷ್ಟಾದ ಮೇಲೂ ಉದುರುವುದು ಉದುರುತ್ತದೆ. ಅದಕ್ಕಾಗಿ ಯಂತ್ರದ ನೀರು ಹೊರಬೀಳುವ ಪೈಪಿನ ಬಾಯಿಗೆ ಹಳೆಯ ಧೋತರದ ತುಂಡನ್ನು ನಾಲ್ಕು ಪದರು ಮಾಡಿ ಚೀಲದಂತೆ ಕಟ್ಟಿದ್ದೇನೆ. ನೀರು ಉಕ್ಕಿ ಹಿಂದಕ್ಕೆ ಬರದಂತೆ ಚೀಲ ದೊಡ್ಡದಿರಬೇಕು, ಪೈಪು ಕೆಳಗಿರಬೇಕು. ಆರಿದ ಮೇಲೆ ಮಗುಚಿದರೆ ಬೂದು ಬಣ್ಣದ, ಇಲಿಯ ತುಪ್ಪಳದಂಥ ಒಂದು ಪದರು ಬಿಡುತ್ತದೆ. ತೀರ ಸಣ್ಣವು ಬಟ್ಟೆಯೊಳಗಿಂದಲೂ ನುಸುಳಿ ಹೋಗುತ್ತವೆ. ಆದರೆ ಹಿಡಿದದ್ದು ಹಿಡಿದಂತೆ. ಇದನ್ನು ನಲ್ಲಿಯ ಕೆಳಗೆ ತೊಳೆದರೆ ಮಾಡಿದ್ದೆಲ್ಲ ಗಟಾರಿಗೆ ಹೋಯಿತು. ಸುಟ್ಟರೆ ಹೊಗೆ ಮೂಗಿಗೆ. ಉಪ್ಪಿನಕಾಯಿಯ ಖಾಲಿ ಬಾಟಲಿಯೊಂದರಲ್ಲಿ ತುಂಬಿಡುತ್ತೇನೆ. ತುಂಬಿದ ಮೇಲೆ ಬಾಯಿ ಬಿಗಿದು ಕಸದ ಗಾಡಿಗೆ ಕೊಡುವುದು. ಆ ಬಾಟಲಿ ಕಂಡ ಅತಿಥಿಗಳು ಅದು ಯಾವ ಔಷಧವೆಂದು ಕೇಳುತ್ತಾರೆ.

ಒಬ್ಬನ ಬಾಟಲಿಯಿಂದ ಹೊಳೆ ಉಳಿಯುತ್ತದೆಯೇ ಎಂದು ನೆರೆಮನೆಯವರು ಕೇಳಿದರು. ನಾನು ಕೆನಡಾದ ಪ್ಯಾರಿ ಸೌಂಡ್ ಎಂಬ ಚಿಕ್ಕ ಊರಿನ ಕತೆ ಹೇಳಿದೆ. ಅಲ್ಲಿ ತೊಂಬತ್ತೇಳು ಮನೆಗಳ ಯಂತ್ರಗಳಿಗೆ ಶೋಧಕ ಕೂಡಿಸಿದರು. ಆ ಊರಿನ ಒಳಚರಂಡಿಯ ಶುದ್ಧೀಕರಣದಿಂದ ಹೊರಬೀಳುವ ನೀರಿನಲ್ಲಿ ಎಳೆಗಳು ಪ್ರತಿಶತ ನಲವತ್ತೊಂದರಷ್ಟು ಇಳಿದವು. ಈ ಅಧ್ಯಯನ ೨೦೨೧ರಲ್ಲಿ ಪ್ರಕಟವಾಯಿತು. ತೊಂಬತ್ತೇಳು ಮನೆಗಳೆಂದರೆ ನಮ್ಮ ಎರಡು ಓಣಿ. ಆದರೂ ಧೋತರದ ಚೀಲ ಕಟ್ಟುವುದು ಮುದುಕರ ಕೆಲಸವಾಗಬಾರದು. ಯಂತ್ರ 'ಮಾಡುವವರೇ ಶೋಧಕ ಕೂಡಿಸಿ ಮಾರಬೇಕು. ಫ್ರಾನ್ಸ್ ದೇಶ ೨೦೨೦ರಲ್ಲಿಯೇ, ೨೦೨೫ರಿಂದ ಹೊಸ ಯಂತ್ರಗಳಲ್ಲಿ ಶೋಧಕವಿರಬೇಕೆಂದು ಕಾಯಿದೆ ಬರೆಯಿತು. ನಮ್ಮಲ್ಲಿ ಅಂಥ ಮಾತು ಚುನಾವಣೆಯ ಭಾಷಣದಲ್ಲಿ ಕೂಡ ಕೇಳಿದ ನೆನಪಿಲ್ಲ.

ಮೊನ್ನೆ ಭಾರತ ಹುಣ್ಣಿಮೆಗೆ ಸವದತ್ತಿಗೆ ಹೋಗಿದ್ದೆವು. ಎಲ್ಲಮ್ಮನ ಗುಡ್ಡಕ್ಕೆ ಬರುವ ಜನಕ್ಕೆ ಲೆಕ್ಕವಿಲ್ಲ. ಜೋಗುಳಬಾವಿಯಲ್ಲಿ, ಎಣ್ಣೆಹೊಂಡದಲ್ಲಿ ಮಿಂದು ಒದ್ದೆ ಸೀರೆಯಲ್ಲಿಯೇ ನಡೆಯುವ ಹೆಂಗಸರು, ಬಯಲಲ್ಲಿ ಹರವಿದ ಬಣ್ಣಬಣ್ಣದ ಅರಿವೆ. ನಾನು ಅಲ್ಲಿ ಮಾಸ್ತರನಾಗಿದ್ದಾಗ ಆ ಬಯಲು ನೂಲಿನ ಸೀರೆಗಳಿಂದ ತುಂಬಿರುತ್ತಿತ್ತು. ಈಗ ಗಾಳಿ ಬಂದರೆ ಪಟಪಟ ಹಾರುವ, ತೂಕವಿಲ್ಲದ ಸೀರೆಗಳು. ದೇವಿಗೆ ಉಡಿ ತುಂಬುವ ಖಣ ಕೂಡ ಅದೇ ಜಾತಿಯದು. ಗುಳೇದಗುಡ್ಡದ ಖಣವೆಂದರೆ ರೇಶಿಮೆ ಹತ್ತಿಗಳ ನೇಯ್ಗೆ. ಅದರ ಅಂದವನ್ನೇ ನಕಲು ಮಾಡಿದ ಪಾಲಿಸ್ಟರ್ ಖಣ ಅರ್ಧಕ್ಕಿಂತ ಕಡಿಮೆ ದರಕ್ಕೆ ಸಿಗುವಾಗ ಬಡವಳೊಬ್ಬಳು ಅದನ್ನೇ ಕೊಂಡು ದೇವಿಗೆ ಒಪ್ಪಿಸಿದರೆ ಅವಳ ಭಕ್ತಿಗೆ ಕುಂದೇನು? ಅವಳನ್ನು ಬೈಯುವವರು ಮೊದಲು ನೂಲಿನ ಖಣವನ್ನು ಅವಳ ಕೈಗೆಟುಕುವ ದರಕ್ಕೆ ಕೊಡಬೇಕು. ಗುಡ್ಡದ ಮೇಲಿಂದ ರೇಣುಕಾಸಾಗರದ ನೀರು ದೂರಕ್ಕೆ ಹೊಳೆಯುತ್ತಿತ್ತು. ಮೊಮ್ಮಗಳ ಲೋಟ ಅಲ್ಲಿಂದ ತುಂಬುತ್ತದೆ.

ನೂಲಿನ ದರದ ಮಾತು ಬಂದುದರಿಂದ ಅಲ್ಲಿಂದ ಮುಂದೆ ರಾಮದುರ್ಗಕ್ಕೂ ಹೋದೆ. ಹೊಳೆಯೂ ಅಣೆಕಟ್ಟು ದಾಟಿ ಅಲ್ಲಿಗೇ ಹೋಗುತ್ತದೆ. ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಸಮುದ್ರದ ದಾರಿ ಹಿಡಿಯುತ್ತದೆ. ರಾಮದುರ್ಗ, ಸುರೇಬಾನ ಎಂದರೆ ನೇಕಾರರ ನೆಲ. ನಾನಲ್ಲಿದ್ದಾಗ ಶಾಲೆಗೆ ಹೋಗುವ ಹಾದಿಯುದ್ದಕ್ಕೂ ಮಗ್ಗದ ಸಪ್ಪಳ ಕೇಳುತ್ತಿತ್ತು. ಈಗಲೂ ಕೇಳುತ್ತದೆ, ಸಪ್ಪಳ ವಿದ್ಯುತ್ ಮಗ್ಗದ್ದು. ಸುರೇಬಾನದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕು ಮಗ್ಗ ಇಟ್ಟಿದ್ದಾನೆ. ಹತ್ತಿಯ ಸೀರೆ ಬೇಕು ಎಂದೆ.

"ನೇಯಾಕ ಕೈ ಅದಾವ್ರಿ ಗುರುಗಳ, ತಗೊಳ್ಳಾಕ ಗಿರಾಕಿ ಇಲ್ಲರಿ," ಎಂದ. "ಹತ್ತಿ ನೂಲಿಗೆ ಗಂಜಿ ಕೊಡಬೇಕು, ಹರದಲ್ಲೆ ಗಂಟ ಹಾಕಬೇಕು, ಮಗ್ಗ ನಿಂದರಸಬೇಕು. ಪಾಲಿಸ್ಟರ್ ಎಳಿ ಹರಿಯೂದಽ ಇಲ್ಲರಿ. ಬೆಳಗಿನಿಂದ ಸಂಜೀತನಕ ಮಗ್ಗ ನಿಂದ್ರೂದಿಲ್ಲ. ನನ್ನ ಹೊಟ್ಟಿನೂ ನಡೀಬೇಕಲ್ರಿ?"

ಹರಿಯದೆ ಇರುವುದೇ ಅದರ ಗುಣ, ಹರಿಯದೆ ಇರುವುದೇ ಅದರ ದೋಷ. ನೇಕಾರನಿಗೆ ಬೇಕಾದ ಗುಣ ಹೊಳೆಗೆ ಬೇಡವಾದರೆ ನಡುವೆ ನ್ಯಾಯ ಹೇಳುವವರಾರು? ಬೈಲಹೊಂಗಲದ ಪೇಟೆಗೆ ಗಾಡಿಗಟ್ಟಲೆ ಹತ್ತಿ ಬರುತ್ತಿದ್ದುದನ್ನು ನಾನು ನೋಡಿದ್ದೇನೆ. ಈ ಎರೆಯ ಹೊಲಗಳಲ್ಲಿ ಮಳೆಯ ನೀರಿಗೇ ಬೆಳೆಯುತ್ತಿದ್ದ ಜಯಧರ ಹತ್ತಿಯ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲ. ಹತ್ತಿಯೂ ದೇವರಲ್ಲ, ಔಷಧ ಹೊಡೆದು ಹೊಡೆದು ಹೊಲ ಕೆಟ್ಟವರ ಗೋಳನ್ನು ನಮ್ಮ ತಾಲೂಕಿನವರು ಬಲ್ಲರು. ಕಿತ್ತೂರಿನಿಂದ ಧಾರವಾಡಕ್ಕೆ ಹೋಗುವ ದಾರಿಯ ಮಗ್ಗುಲಿಗೆ ಗರಗವೆಂಬ ಊರಿದೆ. ರಾಷ್ಟ್ರಧ್ವಜದ ಖಾದಿ ನೇಯ್ದು ಹೆಸರಾದ ಊರು. ೨೦೨೧ರ ಡಿಸೆಂಬರ್ ೩೦ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಸ್ಟರಿನ ಧ್ವಜಕ್ಕೂ ಅನುಮತಿ ದೊರೆಯಿತು. ಮಳೆಗೆ ತೊಯ್ದು, ಗಾಳಿಗೆ ಸವೆದು ಆ ಧ್ವಜದ ಎಳೆಗಳು ಎಲ್ಲಿ ಬೀಳುತ್ತವೆಂದು ಸಂಹಿತೆ ಬರೆದವರು ಯೋಚಿಸಿದ್ದರೋ ಏನೋ.

ಹಳೆಯ ವಿದ್ಯಾರ್ಥಿ ಗುರುವನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಅಟ್ಟದ ಮೇಲಿನಿಂದ ತನ್ನ ತಂದೆ ಕೈಮಗ್ಗದಲ್ಲಿ ನೇಯ್ದಿದ್ದ ಎರಡು ನೂಲಿನ ಸೀರೆ ತೆಗೆದು ಕೊಟ್ಟ. ರೊಕ್ಕ ಬೇಡವೆಂದ, ನಾನು ಕೊಟ್ಟೇ ಬಂದೆ.

ಈ ಸೀರೆ ಬೇಕಾದದ್ದು ಉಡಲಿಕ್ಕೆ ಅಲ್ಲ. ಮೊಮ್ಮಗಳಿಗೆ ಫ್ಲೀಸಿನ ಹೊದಿಕೆಯ ಬದಲು ಒಂದು ಕೌದಿ ಹೊಲಿದುಕೊಡುತ್ತೇನೆಂದು ನನ್ನ ಹೆಂಡತಿ ಸೂಜಿ ಹಿಡಿದಿದ್ದಾಳೆ. ಹೊಲಿಯಲು ಮಣಿಕಟ್ಟು ತಡೆಯುತ್ತದೆಯಂತೆ, ಹಿಂಡುವುದಷ್ಟೇ ಆಗದು. ಮನೆಯ ಟ್ರಂಕುಗಳನ್ನೆಲ್ಲ ತೆಗೆದು ಹಳೆಯ ಸೀರೆ ಆರಿಸಹೊರಟರೆ ಯಾವುದು ಹತ್ತಿ, ಯಾವುದಲ್ಲ ಎಂಬುದು ಕಣ್ಣಿಗೆ ತಿಳಿಯಲೊಲ್ಲದು. ಸೆರಗಿನಿಂದ ಒಂದೊಂದು ಎಳೆ ಜಗ್ಗಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಹಿಡಿಯುವ ಕೆಲಸ ನನಗೆ ಬಂದಿತು. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಮೆತ್ತಗೆ ಬೂದಿಯಾಗುತ್ತದೆ. ಪಾಲಿಸ್ಟರಾದರೆ ಮುದುಡಿಕೊಂಡು ಕರಗಿ, ತುದಿಗೆ ಕರಿಯ ಗಟ್ಟಿ ಮಣಿಯೊಂದು ನಿಲ್ಲುತ್ತದೆ. ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಹದಿನೆಂಟು ಸೀರೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾದವು ಐದು. ರಾಮದುರ್ಗದ ಎರಡು ಕೂಡಿ ಏಳು. ಕೌದಿಗೆ ಇನ್ನೂ ಮೂರು ಬೇಕು ಎನ್ನುತ್ತಾಳೆ. ನನ್ನ ಧೋತರಗಳ ಮೇಲೆ ಅವಳ ಕಣ್ಣಿದೆ. ಎರಡು ದಿನಗಳಿಂದ ನಾನು ಅವನ್ನು ಒಗೆದ ಕೂಡಲೇ ಮಡಚಿ ನನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದೇನೆ.